ಫೋನ್ ನೋಡ್ಕೊಂಡು ಗಾಡಿ ಓಡ್ಸಿ ಯಾರಾದ್ರೂ ಸತ್ರೆ ಕೇಸ್ ಏನಾಗತ್ತೆ? ಬೆಂಗಳೂರಿನವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಸಿಲ್ಕ್ ಬೋರ್ಡ್ ಇರ್ಲಿ ಹೆಬ್ಬಾಳ ಇರ್ಲಿ, ಪಕ್ಕದ ಗಾಡಿಯವ್ರನ್ನ ಒಂದ್ಸಲ ನೋಡಿ. ಹೆಲ್ಮೆಟ್ ಒಳಗೆ ಫೋನ್ ತುರುಕ್ಕೊಂಡು ಮಾತಾಡೋರು, ಸ್ಟೇರಿಂಗ್ ಮೇಲೆ ಮೊಬೈಲ್ ಇಟ್ಕೊಂಡು ರೀಲ್ಸ್ ತಳ್ತಾ ಇರೋರು, ಎರಡೆರಡು ಫೋನಲ್ಲಿ ಎರಡು ಆಪ್ ಓಡಿಸ್ತಾ ಇರೋ ಕ್ಯಾಬ್‌ನವ್ರು. ಕೇಂದ್ರ ಸಾರಿಗೆ ಸಚಿವಾಲಯದ 2022ರ ಲೆಕ್ಕದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವ್ರು 1,68,491 ಜನ, ಅದ್ರಲ್ಲಿ ಫೋನ್ ಬಳಕೆಯಿಂದ ಅಂತ ಬರ್ಕೊಂಡಿರೋದು ಬರೀ 3,395. ಈ ಎರಡನೇ ನಂಬರ್ ನಂಗಂತೂ ನಂಬೋಕಾಗಲ್ಲ, ಯಾಕಂದ್ರೆ ಫೋನ್ ಕಾರಣ ಅಂತ ಬರಿಬೇಕಂದ್ರೆ ಯಾರಾದ್ರೂ ಆ ಫೋನನ್ನ ಚೆಕ್ ಮಾಡಿರ್ಬೇಕಲ್ವಾ. ಕೆಳಗಿರೋ ಉತ್ತರಗಳಲ್ಲಿ ಅರ್ಧಕ್ಕರ್ಧ ಸುತ್ತಿ ಸುತ್ತಿ ಇಲ್ಲಿಗೇ ಬಂದು ನಿಲ್ಲತ್ತೆ. ನಿಮ್ಮದೇ ಕೇಸ್ ಇದ್ರೆ ವಕೀಲರನ್ನ ನೋಡಿ, ಇದು ತಿಳ್ಕೊಳ್ಳೋಕೆ ಮಾತ್ರ.

ಫೋನ್ ನೋಡ್ತಾ ಗುದ್ದಿ ಒಬ್ರು ಸತ್ರೆ ಯಾವ ಕೇಸ್ ಹಾಕ್ತಾರೆ?

ಸಾಮಾನ್ಯವಾಗಿ ಎರಡು ಕಲಂ ಒಟ್ಟಿಗೆ ಬರತ್ತೆ. ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್, ಅದರ 281 (ರಸ್ತೇಲಿ ಅಪಾಯ ಆಗೋ ತರ ಓಡಿಸೋದು) ಮತ್ತೆ 106(1) (ನಿರ್ಲಕ್ಷ್ಯದಿಂದ ಸಾವಿಗೆ ಕಾರಣ ಆಗೋದು). ಇದ್ರ ಜೊತೆ ಮೋಟಾರು ವಾಹನ ಕಾಯ್ದೆಯ 184. ಡ್ರೈವರ್ ನಿಲ್ಲಿಸ್ದೆ ಹೋಗಿದ್ರೆ 134 ಮತ್ತು 187 ಕೂಡ ಸೇರ್ಕೊಳತ್ತೆ. 281ಕ್ಕೆ ಆರು ತಿಂಗಳವರೆಗೆ ಜೈಲು ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಅದು ಚಿಕ್ಕದು. ದೊಡ್ಡದು 106(1), ಅದಕ್ಕೆ ಐದು ವರ್ಷದವರೆಗೆ ಜೈಲು ಮತ್ತೆ ದಂಡ.

ಮುಂಚೆ ಎರಡೇ ವರ್ಷ ಇತ್ತಲ್ವಾ?

ಹೌದು, ಐಪಿಸಿ 304ಎ ಇದ್ದಾಗ. ಜಾಸ್ತಿ ಅಂದ್ರೆ ಎರಡು ವರ್ಷ, ಇಲ್ಲಾ ಬರೀ ದಂಡ, ಇಲ್ಲಾ ಎರಡೂ. 2024 ಜುಲೈ 1ರಿಂದ ಬಿಎನ್‌ಎಸ್ ಬಂತು. ಎಲ್ರೂ ಎರಡು ಐದಾಯ್ತು ಅನ್ನೋದನ್ನೇ ಹೇಳ್ತಾರೆ, ಆದ್ರೆ ಒಂದು ಚಿಕ್ಕ ಪದ ಹೋಗಿರೋದನ್ನ ಗಮನಿಸೋರು ಕಮ್ಮಿ: ಹಳೇದ್ರಲ್ಲಿ ಜೈಲು "ಅಥವಾ" ದಂಡ ಅಂತಿತ್ತು, ಅದಕ್ಕೇ ಎಷ್ಟೋ ಕೇಸ್ ಕೊನೆಗೆ ದಂಡ ಕಟ್ಟಿ ಮುಗಿತಿತ್ತು. ಹೊಸದ್ರಲ್ಲಿ ಜೈಲು "ಮತ್ತು" ದಂಡ, ಬರೀ ದಂಡ ಕಟ್ಟಿ ಎದ್ದು ಬರೋ ದಾರಿ ಕಲಂನಲ್ಲಿಲ್ಲ. ಕನಿಷ್ಠ ಇಷ್ಟೇ ದಿನ ಅಂತ ಬರ್ದಿಲ್ಲ, ಹಾಗಾಗಿ ಎಷ್ಟು ಅನ್ನೋದು ಜಡ್ಜ್ ಕೈಯಲ್ಲಿದೆ. ಇನ್ನೊಂದು, ಅಪಘಾತ 2024 ಜುಲೈ 1ಕ್ಕಿಂತ ಮುಂಚೆ ಆಗಿದ್ರೆ ಕೇಸ್ ಇವತ್ತು ನಡೀತಿದ್ರೂ ಶಿಕ್ಷೆ ಹಳೇ 304ಎ ಪ್ರಕಾರಾನೇ.

ಫೋನ್ ಬಳಸಿದ್ದಕ್ಕೆ ಅಂತಾನೇ ಪ್ರತ್ಯೇಕ ಅಪರಾಧ ಇದ್ಯಾ?

ಸಾವಿನ ಕಲಂನಲ್ಲಿ ಫೋನ್ ಅನ್ನೋ ಪದಾನೇ ಇಲ್ಲ. ಮೋಟಾರು ವಾಹನ ಕಾಯ್ದೆ 184ರಲ್ಲಿದೆ: 2019ರ ತಿದ್ದುಪಡಿಲಿ ಅಪಾಯಕಾರಿ ಚಾಲನೆ ಅಂದ್ರೆ ಏನೇನು ಅಂತ ಪಟ್ಟಿ ಮಾಡಿದ್ರು, ಸಿಗ್ನಲ್ ಜಂಪು, ಸ್ಟಾಪ್ ಸೈನ್ ಮೀರೋದು ಇದೆಲ್ಲದ್ರ ಜೊತೆ ಕೈಯಲ್ಲಿ ಹಿಡ್ಕೊಳ್ಳೋ ಸಂಪರ್ಕ ಸಾಧನ ಬಳಸೋದೂ ಸೇರ್ಕೊಂತು. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲಾ ಸಾವಿರದಿಂದ ಐದು ಸಾವಿರ ದಂಡ, ಇಲ್ಲಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ರೆ ಎರಡು ವರ್ಷದವರೆಗೆ ಹೋಗತ್ತೆ. ರಸ್ತೇಲಿ ನಿಲ್ಲಿಸಿ ಚಲನ್ ಹರಿತಾರಲ್ಲ ಅದು ಇದೇ ಕಲಂ, ಸ್ಪಾಟ್ ಫೈನ್ ಕಟ್ಟಿ ಮುಗಿಸ್ತೀವಿ ಅಷ್ಟೆ. ಜೀವ ಹೋದ ಮೇಲೆ ಸ್ಪಾಟ್ ಫೈನೂ ಇಲ್ಲ, 2023ರ ಫೆಬ್ರವರೀಲಿ ಚಲನ್‌ಗಳಿಗೆ ಕೊಟ್ಟ ತರ ಐವತ್ತು ಪರ್ಸೆಂಟ್ ಡಿಸ್ಕೌಂಟೂ ಇಲ್ಲ.

ಬ್ಲೂಟೂತ್‌ನಲ್ಲಿ ಮಾತಾಡ್ತಿದ್ದೆ, ಕೈಯಲ್ಲಿ ಫೋನ್ ಇರ್ಲಿಲ್ಲ. ಬಚಾವಾ?

184ರ ಆ ಸಾಲಿಂದ ಬಚಾವ್ ಆಗಬಹುದು, 106(1)ರಿಂದ ಆಗಲ್ಲ. ಅಲ್ಲಿ ಕೇಳೋ ಪ್ರಶ್ನೆ ಕೈಯಲ್ಲಿ ಏನಿತ್ತು ಅಂತಲ್ಲ, ಜವಾಬ್ದಾರಿ ಇರೋ ಡ್ರೈವರ್ ಕೊಡ್ಬೇಕಾದ ಗಮನ ನೀವು ಕೊಟ್ರಾ ಅಂತ. ಮ್ಯಾಪಿಗೂ ಇದೇ. 2020 ಅಕ್ಟೋಬರ್‌ನಿಂದ ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು ಅಂತ ಕೇಂದ್ರದ ನಿಯಮ ಇದೆ, ಅದೂ ಗಾಡಿ ಓಡಿಸೋ ಗಮನಕ್ಕೆ ಅಡ್ಡಿ ಆಗದ ಹಾಗೆ. ಬಳ್ಳಾರಿ ರೋಡಲ್ಲಿ ಎಂಬತ್ತರಲ್ಲಿ ಹೋಗ್ತಾ ಏರ್‌ಪೋರ್ಟ್ ಬದ್ಲು ಬೇರೆ ಅಡ್ರೆಸ್ ಟೈಪ್ ಮಾಡ್ತಾ ಕೂತ್ರೆ "ಮ್ಯಾಪ್ ಸಾರ್" ಅನ್ನೋ ಉತ್ತರ ನಡಿಯಲ್ಲ.

ತಿಂಡಿ ತಿನ್ನೋದು, ಕಾರಿನ ದೊಡ್ಡ ಸ್ಕ್ರೀನಲ್ಲಿ ಹಾಡು ಹುಡುಕೋದು, ತೊಡೆ ಮೇಲೆ ನಾಯಿಮರಿ ಕೂರಿಸ್ಕೊಳ್ಳೋದು, ಹಿಂದೆ ಕೂತ ಮಕ್ಕಳ ಜಗಳ ಬಿಡಿಸೋಕೆ ತಿರುಗೋದು, ಎಲ್ಲದಕ್ಕೂ ಇದೇ ಅಳತೆ.

ಅರೆಸ್ಟ್ ಮಾಡ್ತಾರಾ? ಬೇಲ್ ಸಿಗತ್ತಾ?

106(1) ಕಾಗ್ನಿಜಬಲ್, ಅಂದ್ರೆ ವಾರಂಟ್ ಇಲ್ದೆ ಪೊಲೀಸ್ರು ಬಂಧಿಸಬಹುದು, ಆದ್ರೆ ಜಾಮೀನು ಸಿಗೋ ಅಪರಾಧ. ಬಂಧಿಸಿದ್ರೂ ಶ್ಯೂರಿಟಿ ತಗೊಂಡು ಸ್ಟೇಷನ್ನಲ್ಲೇ ಬಿಡಬಹುದು, ಎಷ್ಟೋ ಸಲ ನೋಟಿಸ್ ಕೊಟ್ಟು ಕರೆಸ್ತಾರೆ. ಸತ್ತವರ ಮನೆಯವ್ರಿಗೆ ಇದನ್ನ ಕೇಳಿದಾಗ ಹೊಟ್ಟೆ ಉರಿಯೋದು ಸಹಜ, ಅಂತ್ಯಕ್ರಿಯೆ ಮುಗಿಸಿ ಬರೋಷ್ಟರಲ್ಲಿ ಗುದ್ದಿದವನು ಮನೇಲಿ ಕೂತಿರ್ತಾನೆ. ಆದ್ರೆ ಬೇಲ್ ಸಿಕ್ತು ಅಂದ್ರೆ ಕೇಸ್ ಬಿದ್ದೋಯ್ತು ಅಂತ ಅಲ್ಲ, ಎರಡಕ್ಕೂ ಸಂಬಂಧ ಇಲ್ಲ.

ಇದು ಕೊಲೆ ತರಾನೇ ಅಲ್ವಾ? ದೊಡ್ಡ ಸೆಕ್ಷನ್ ಯಾಕೆ ಹಾಕಲ್ಲ?

ದೊಡ್ಡದು ಅಂದ್ರೆ ಬಿಎನ್‌ಎಸ್ 105, ಹಳೇ ಐಪಿಸಿ 304. ಕೊಲೆ ಅಲ್ಲದ ನರಹತ್ಯೆ. ಅದು ಬೇಕಂದ್ರೆ "ಹೀಗ್ ಮಾಡಿದ್ರೆ ಜನ ಸಾಯ್ತಾರೆ ಅಂತ ಇವನಿಗೆ ಗೊತ್ತಿತ್ತು" ಅಂತ ತೋರಿಸ್ಬೇಕು. ಗೊತ್ತಿದ್ದೂ ಮಾಡಿದ್ದಕ್ಕೆ ಹತ್ತು ವರ್ಷದವರೆಗೆ ಶಿಕ್ಷೆ, ಜಾಮೀನು ಸುಲಭಕ್ಕಿಲ್ಲ, ಕೇಸ್ ಸೆಷನ್ಸ್ ಕೋರ್ಟಿಗೆ ಹೋಗತ್ತೆ. ಮುಂಬೈನ ಬಾಂದ್ರಾದಲ್ಲಿ 2006ರಲ್ಲಿ ಕುಡಿದು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದ ಏಳು ಜನ ಕೂಲಿಯವ್ರನ್ನ ಕೊಂದ ಕೇಸಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಈ ದೊಡ್ಡ ಕಲಮ್ಮನ್ನೇ ಎತ್ತಿ ಹಿಡಿತು, ಆದ್ರೆ ಶಿಕ್ಷೆ ನೋಡಿ, ಮೂರೇ ವರ್ಷ.

ಬರೀ ಫೋನ್ ನೋಡಿದ್ದಕ್ಕೆ 105 ನಿಲ್ಲೋದು ಕಷ್ಟ, ಅದು ನಿರ್ಲಕ್ಷ್ಯದ ಕಡೆಗೇ ಬೀಳತ್ತೆ. ಫ್ಲೈಓವರ್ ಮೇಲೆ ರಾಂಗ್ ಸೈಡಲ್ಲಿ ಬಂದು, ಸ್ಪೀಡೋಮೀಟರ್ ತೋರಿಸ್ಕೊಂಡು ಲೈವ್ ಹೋಗ್ತಾ, ಪಕ್ಕದಲ್ಲಿ ಕೂತೋನು ಬೇಡ ಕಣೋ ಅಂತ ಹೇಳಿದ್ದೂ ಆ ವಿಡಿಯೋದಲ್ಲೇ ಇದ್ರೆ, ಆಗ "ಗೊತ್ತಿರ್ಲಿಲ್ಲ" ಅನ್ನೋಕೆ ಬಾಯಿ ಬರಲ್ಲ. ಜನ ಗಲಾಟೆ ಮಾಡಿದ್ರು ಅಂತ ಸಾಕ್ಷ್ಯ ಇಲ್ದೆ 105 ಹಾಕ್ಸೋದು ನನ್ನ ಪ್ರಕಾರ ಒಳ್ಳೇದಲ್ಲ. ಮೊದಲ ದಿನ ಪೇಪರಲ್ಲಿ ಹೆಡ್‌ಲೈನ್ ಬರತ್ತೆ, ಆಮೇಲೆ ಕೋರ್ಟಲ್ಲಿ ಇಳಿಯತ್ತೆ, ಮಧ್ಯೆ ಎರಡು ವರ್ಷ ಹೋಗಿರತ್ತೆ.

ಫೋನ್ ನೋಡ್ತಿದ್ದ ಅಂತ ಪ್ರೂವ್ ಮಾಡೋದು ಹೇಗೆ?

ಈ ಪೇಜಲ್ಲಿ ಒಂದೇ ಉತ್ತರ ಓದೋಕೆ ಟೈಮಿದ್ರೆ ಇದನ್ನ ಓದಿ.

ನಮ್ಮ ಕಡೆ ಅಪಘಾತದ ಎಫ್‌ಐಆರ್ ತೆಗೆದ್ರೆ ಒಂದು ಸಾಲು ಇದ್ದೇ ಇರತ್ತೆ: "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು". ಯಾರ ಕೇಸಾದ್ರೂ ಅದೇ ಸಾಲು. ಆದ್ರೆ ನಮ್ಮ ಕರ್ನಾಟಕದಿಂದಾನೇ ಹೋದ ಒಂದು ಲಾರಿ ಕೇಸಲ್ಲಿ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳ್ತು, ಬರೀ "ಹೈ ಸ್ಪೀಡ್" ಅಂದ್ರೆ ನಿರ್ಲಕ್ಷ್ಯ ಸಾಬೀತಾಗಲ್ಲ ಅಂತ. ಗುದ್ದಿರೋದೇ ಸಾಕ್ಷಿ ಅನ್ನೋ ವಾದಾನೂ ಕ್ರಿಮಿನಲ್ ಕೇಸಲ್ಲಿ ಪೂರ್ತಿ ನಡಿಯಲ್ಲ, ತಪ್ಪು ಸಾಬೀತು ಮಾಡೋ ಹೊರೆ ಕೊನೆವರೆಗೂ ಸರ್ಕಾರದ ಕಡೆ ಇರತ್ತೆ. ಹಾಗಾಗಿ ಫೋನ್ ವಿಷ್ಯ ನೋಡಿದ ಸಾಕ್ಷಿ ಇದ್ರೆ ಅದನ್ನ ದೂರಲ್ಲೇ ಬರೆಸ್ಬೇಕು, ಬಿಟ್ಟು ಆರು ತಿಂಗಳಾದ್ಮೇಲೆ ಹೇಳಿದ್ರೆ ಎದುರು ಪಾರ್ಟಿ ವಕೀಲರು ಮೊದಲು ಕೇಳೋದೇ "ಇಷ್ಟು ದಿನ ಯಾಕೆ ಹೇಳ್ಲಿಲ್ಲ" ಅಂತ.

ಕಾಲ್ ರೆಕಾರ್ಡ್, ಅಂದ್ರೆ ಸಿಡಿಆರ್, ಟೆಲಿಕಾಂ ಕಂಪನಿಗಳು ಎರಡು ವರ್ಷ ಇಟ್ಕೊಂಡಿರ್ಬೇಕು, ಪೊಲೀಸ್ರು ಬರೆದ್ರೆ ಬರತ್ತೆ. ಆದ್ರೆ ಅದ್ರಲ್ಲಿ ಸಿಗೋದು ಮಾಮೂಲಿ ಕಾಲು ಮತ್ತೆ ಎಸ್ಎಂಎಸ್. ವಾಟ್ಸಾಪ್ ಕಾಲ್ ಅಲ್ಲಿ ಕಾಲ್ ಅಂತ ಕಾಣಲ್ಲ, ಡೇಟಾ ಓಡಿದ್ದು ಅಂತ ಅಷ್ಟೇ ಕಾಣತ್ತೆ, ರೀಲ್ಸ್ ನೋಡ್ತಿದ್ರಾ ಟೈಪ್ ಮಾಡ್ತಿದ್ರಾ ಅನ್ನೋದಕ್ಕೆ ಆ ಫೋನೇ ಬೇಕು. ಅದನ್ನ ಸೀಜ್ ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ನಮ್ಮ ಊರಲ್ಲಿ ಅದು ಮಡಿವಾಳದಲ್ಲಿದೆ, ಕಳಿಸಿದ್ರೇನೇ ಪರದೆ ಯಾವಾಗ ಆನ್ ಆಗಿತ್ತು, ಮೆಸೇಜ್ ಯಾವ ಕ್ಷಣಕ್ಕೆ ಹೋಯ್ತು ಅನ್ನೋದು ಹೊರಗೆ ಬರೋ ಚಾನ್ಸು. ಏಳು ವರ್ಷ ಮತ್ತೆ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧಗಳಲ್ಲಿ ಫೊರೆನ್ಸಿಕ್ ಟೀಮು ಸ್ಥಳಕ್ಕೆ ಹೋಗ್ಬೇಕು ಅಂತ ಕ್ರಿಮಿನಲ್ ಕೇಸ್ ನಡೆಸೋ ವಿಧಾನ ಹೇಳೋ ಹೊಸ ಕಾಯ್ದೆ ಬಿಎನ್‌ಎಸ್‌ಎಸ್‌ನಲ್ಲಿದೆ. 106(1) ಐದು ವರ್ಷದ್ದು, ಹಾಗಾಗಿ ಆ ನಿಯಮದ ಒಳಗೆ ಬರಲ್ಲ, ಮನೆಯವ್ರು ಕೇಳ್ದಿದ್ರೆ ಫೋನ್ ಕಡೆ ಯಾರೂ ತಿರುಗಿ ನೋಡ್ದೇನೂ ಇರಬಹುದು.

ಆಮೇಲೆ ಟೈಮಿನ ಸಮಸ್ಯೆ. ಎಫ್‌ಐಆರಲ್ಲಿ "ರಾತ್ರಿ ಸುಮಾರು 9-30 ಗಂಟೆಗೆ" ಅಂತಿರತ್ತೆ. ಸಿಡಿಆರಲ್ಲಿ ಕಾಲು 9:24ಕ್ಕೆ ಶುರುವಾಗಿ 9:28ಕ್ಕೆ ಮುಗಿದಿದೆ. ಈಗ ಗುದ್ದಿದ್ದು ಎಷ್ಟೊತ್ತಿಗೆ? 9:27ಕ್ಕಾದ್ರೆ ಮಾತಾಡ್ತಾ ಗುದ್ದಿದ, 9:31ಕ್ಕಾದ್ರೆ ಕಾಲ್ ಮುಗಿಸಿ ಆರಾಮಾಗಿ ಬರ್ತಿದ್ದ. ಆ "ಸುಮಾರು" ಅನ್ನೋ ಒಂದು ಪದದಿಂದ ಆರೋಪಿ ಆಚೆ ಬಂದ್ಬಿಡ್ತಾನೆ. ಅದನ್ನ ಮುಚ್ಚೋಕೆ 112ಕ್ಕೆ ಮೊದಲ ಕಾಲ್ ಬಂದ ಟೈಮು, 108 ಆಂಬುಲೆನ್ಸಿನ ಲಾಗು, ಅಂಗಡಿ ಸಿಸಿಟಿವಿ, ಯಾರದ್ದಾದ್ರೂ ಡ್ಯಾಶ್‌ಕ್ಯಾಮು ಇದನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡ್ಬೇಕು. ಅಂಗಡಿ ಸಿಸಿಟಿವಿ ಗಡಿಯಾರ ಎಷ್ಟೋ ಕಡೆ ಐದಾರು ನಿಮಿಷ ಹಿಂದೆಮುಂದೆ ಇರತ್ತೆ, ಫೂಟೇಜ್ ತಗೊಳ್ಳೋವಾಗ್ಲೇ ನಿಜವಾದ ಟೈಮಿಗೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ಮಹಜರಲ್ಲಿ ಬರ್ಕೊಬೇಕು. ಮತ್ತೆ ಆ ಫೂಟೇಜ್ ಸೇವ್ ಆಗೋ ಡಿವಿಆರ್‌ಗಳು ಕೆಲವು ದಿನದಲ್ಲೇ ಹಳೇದನ್ನ ಅಳಿಸಿ ಮೇಲೆ ಬರ್ಕೊಂಡು ಹೋಗತ್ತೆ, ಹದಿಮೂರನೇ ದಿನದ ಕಾರ್ಯ ಮುಗಿಸ್ಕೊಂಡು ಹೋಗಿ ಕೇಳೋಣ ಅಂದ್ರೆ ಏನೂ ಉಳಿದಿರಲ್ಲ. ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಸರ್ಟಿಫಿಕೇಟ್ ಬೇರೆ ಬೇಕು, ಹಳೇ 65ಬಿ ಅಂತಾರಲ್ಲ ಅದೇ.

ಇನ್ನೂ ಒಂದು ತೂತು ಇದೆ. ಕಾಲ್ ನಡೀತಿತ್ತು ಅಂತ ಸಾಬೀತಾಯ್ತು ಅಂದ್ಕೊಳ್ಳಿ, ಫೋನ್ ಪಕ್ಕದಲ್ಲಿ ಕೂತ ಹೆಂಡತಿ ಕೈಯಲ್ಲಿತ್ತು ಅಂದ್ರೆ? ಇದಕ್ಕೆ ನಮ್ಮ ಊರಲ್ಲಿ ಒಂದು ಅನುಕೂಲ ಇದೆ. 2022ರ ಕೊನೆಯಿಂದ ದೊಡ್ಡ ಜಂಕ್ಷನ್‌ಗಳಲ್ಲಿ ಐಟಿಎಂಎಸ್ ಅನ್ನೋ ಟ್ರಾಫಿಕ್ ಕ್ಯಾಮೆರಾ ಹಾಕಿದಾರೆ, ಫೋನ್ ಹಿಡ್ಕೊಂಡಿದ್ರೆ ಫೋಟೋ ಸಮೇತ ಚಲನ್ ಬರತ್ತೆ. ಗುದ್ದೋಕೆ ಮುಂಚಿನ ಜಂಕ್ಷನ್ನಲ್ಲಿ ಆ ಗಾಡಿ ದಾಟಿದ ಫೋಟೋ ಇದ್ಯಾ ಅಂತ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ. ಬಾಯಿಮಾತಲ್ಲಿ ಕೇಳಿದ್ರೆ "ನೋಡೋಣ ಸಾರ್" ಅಂತಾರೆ.

ಪೊಲೀಸ್ರು ಬರೋಕೆ ಮುಂಚೆ ಚಾಟ್ ಡಿಲೀಟ್ ಮಾಡಿದ್ರೆ?

ಸಾಕ್ಷ್ಯ ನಾಶ, ಬಿಎನ್‌ಎಸ್ 238, ಇನ್ನೊಂದು ಕೇಸ್. ಡಿಲೀಟ್ ಮಾಡಿದ್ದನ್ನ ಲ್ಯಾಬಿನವ್ರು ವಾಪಸ್ ತೆಗಿಯೋ ಸಾಧ್ಯತೆಯೂ ಇದೆ, ಆ ಕಡೆಯವ್ರ ಫೋನಲ್ಲಿ ಹಾಗೇ ಉಳಿದಿರಲೂಬಹುದು.

ಜನ ಹೊಡಿತಾರೆ ಅಂತ ಭಯಕ್ಕೆ ಹೊರಟು ಹೋದೆ. ಅದೂ ತಪ್ಪಾ?

ಗಾಯಾಳುನ ಆಸ್ಪತ್ರೆಗೆ ಸೇರಿಸೋಕೆ ನೋಡ್ಬೇಕು, ಪೊಲೀಸ್ರಿಗೆ ತಿಳಿಸ್ಬೇಕು, ಇದು 134ರ ಪ್ರಕಾರ ಡ್ರೈವರ್ ಕರ್ತವ್ಯ. ಜನ ಉದ್ರಿಕ್ತರಾಗಿ ನಿಲ್ಲೋಕೇ ಆಗದ ಪರಿಸ್ಥಿತಿ ಇದ್ರೆ ಆಸ್ಪತ್ರೆಗೆ ಸೇರಿಸೋ ವಿಷ್ಯದಲ್ಲಿ ವಿನಾಯ್ತಿ ಅದೇ ಕಲಂನಲ್ಲಿದೆ, ಆದ್ರೆ ಅದು ಅಲ್ಲಿಂದ ಸೀದಾ ಹತ್ತಿರದ ಸ್ಟೇಷನ್‌ಗೆ ಹೋದವ್ರಿಗೆ ಒಪ್ಪತ್ತೆ, ಮನೆಗೆ ಹೋಗಿ ಬಂಪರ್ ತೊಳೆದವ್ರಿಗಲ್ಲ. ತಪ್ಪಿದ್ರೆ 187ರಲ್ಲಿ ಆರು ತಿಂಗಳವರೆಗೆ ಜೈಲು ಇಲ್ಲಾ ಐದು ಸಾವಿರ ದಂಡ ಇಲ್ಲಾ ಎರಡೂ.

"ಹಿಟ್ ಅಂಡ್ ರನ್‌ಗೆ ಹತ್ತು ವರ್ಷ" ಅಂತ ವಾಟ್ಸಾಪಲ್ಲಿ ಓಡಾಡತ್ತಲ್ಲ, ಅದು ಬಿಎನ್‌ಎಸ್ 106(2). 2024ರ ಜನವರೀಲಿ ಲಾರಿ ಡ್ರೈವರ್‌ಗಳು ದೇಶಪೂರ್ತಿ ಮುಷ್ಕರ ಮಾಡಿದ್ರು, ಸರ್ಕಾರ ಅದೊಂದನ್ನ ತಡೆ ಹಿಡಿದು ಜುಲೈ 1ಕ್ಕೆ ಉಳಿದಿದ್ದನ್ನ ಜಾರಿ ಮಾಡ್ತು. ಪುಸ್ತಕದಲ್ಲಿದೆ, ಜಾರೀಲಿಲ್ಲ.

ಡೆಲಿವರಿ ಹುಡುಗ, ಕ್ಯಾಬ್ ಡ್ರೈವರ್, ಕಂಪನಿ ಕಾರು... ಓನರ್ ಮೇಲೆ ಕೇಸ್ ಬರಲ್ವಾ?

ಪರಿಹಾರದ ದುಡ್ಡಿಗೆ ಓನರ್ ಮತ್ತೆ ಇನ್ಶೂರೆನ್ಸ್ ಕಂಪನಿ ಜವಾಬ್ದಾರಿ, ಜೈಲಿಗೆ ಓಡಿಸಿದವನೇ. ಒಬ್ಬರ ನಿರ್ಲಕ್ಷ್ಯಕ್ಕೆ ಇನ್ನೊಬ್ಬರನ್ನ ಕ್ರಿಮಿನಲ್ ಆಗಿ ಹಿಡಿಯೋಕೆ ಬರಲ್ಲ. ಆರ್ಡರ್ ಬಂತು ಅಂತ ಗಾಡಿ ಓಡ್ತಿರೋವಾಗ್ಲೇ ಮೂವತ್ತು ಸೆಕೆಂಡಲ್ಲಿ ಆಕ್ಸೆಪ್ಟ್ ಒತ್ತು ಅಂತ ಹೇಳೋ ಆಪು ಮಾಡಿದವ್ರು ಎಸಿ ರೂಮಲ್ಲಿರ್ತಾರೆ, ಆ ಹುಡುಗ ಕೋರ್ಟ್ ಕಟ್ಟೆ ಮೇಲೆ. ನಂಗಿದು ಸರಿ ಕಾಣಲ್ಲ. ಮೋಟಾರು ವಾಹನ ಕಾಯ್ದೆ 188ರಲ್ಲಿ 184ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವ್ರಿಗೂ ಅದೇ ಶಿಕ್ಷೆ ಅಂತಿದೆ, ಗಾಡಿ ಓಡಿಸ್ತಿದ್ದೀನಿ ಸಾರ್ ಅಂದ್ರೂ ಬಿಡ್ದೆ ವಿಡಿಯೋ ಕಾಲಲ್ಲಿ ಕೂರಿಸೋ ಮ್ಯಾನೇಜರ್‌ಗಳ ಮೇಲೆ ಅದನ್ನ ಪ್ರಯೋಗಿಸಿ ನೋಡ್ಬೇಕು ಅಂತ ನನ್ನ ಆಸೆ.

ಲೈಸೆನ್ಸ್ ಇಲ್ಲದವ್ರಿಗೆ ಗಾಡಿ ಕೊಟ್ರೆ ಓನರೂ ಸಿಕ್ಕಿಹಾಕ್ಕೊಳ್ತಾರೆ, ಅದು ಅದೇ ಕಾಯ್ದೆಯ 180.

ಮಗ ಓಡಿಸ್ತಿದ್ದ, ಹದಿನಾರು ವರ್ಷ.

ಹುಡುಗ ಬಾಲ ನ್ಯಾಯ ಮಂಡಳಿ ಮುಂದೆ ಹೋಗ್ತಾನೆ. ಅಪ್ಪ ಅಮ್ಮ ಇಲ್ಲಾ ಗಾಡಿ ಓನರ್ ಮೇಲೆ ಮೋಟಾರು ವಾಹನ ಕಾಯ್ದೆ 199ಎ: ಮೂರು ವರ್ಷದವರೆಗೆ ಜೈಲು, ಇಪ್ಪತ್ತೈದು ಸಾವಿರ ದಂಡ, ಗಾಡಿ ರಿಜಿಸ್ಟ್ರೇಷನ್ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬೋವರೆಗೂ ಲೈಸೆನ್ಸ್ ಇಲ್ಲ. ನಮಗೆ ಗೊತ್ತಿಲ್ದೆ ಕೀ ತಗೊಂಡೋದ ಅನ್ನೋದನ್ನ ಪೋಷಕರೇ ಸಾಬೀತು ಮಾಡ್ಬೇಕು, ಪೊಲೀಸ್ರಲ್ಲ.

ಸತ್ತವ್ರು ನಮ್ಮ ಮನೆಯವ್ರೇ. ಗಂಡ ಸ್ಕೂಟರ್ ಓಡಿಸ್ತಿದ್ರು, ಹಿಂದೆ ಕೂತ ಅತ್ತಿಗೆ ತೀರ್ಕೊಂಡ್ರು. ಆಗ್ಲೂ ಕೇಸಾ?

ಹೌದು. ಸಂಬಂಧ ನೋಡಿ ಕಲಂ ಬದ್ಲಾಗಲ್ಲ. ಎಷ್ಟೋ ಸಲ ದೂರು ಕೊಡೋದೂ ಮನೆಯವ್ರೇ, ಯಾಕಂದ್ರೆ ಎಫ್‌ಐಆರ್ ಇಲ್ದೆ ಮುಂದೆ ಪರಿಹಾರದ ಕೇಸ್ ನಿಲ್ಲಿಸೋದು ಕಷ್ಟ. ಓಡಿಸಿದವ್ರೇ ತೀರ್ಕೊಂಡ್ರೆ ಅವರ ಮೇಲಿನ ಕ್ರಿಮಿನಲ್ ಕೇಸ್ ಅಲ್ಲಿಗೇ ಮುಗಿಯತ್ತೆ, ಓನರ್ ಅವ್ರೇ ಆಗಿದ್ದು ಪರ್ಸನಲ್ ಆಕ್ಸಿಡೆಂಟ್ ಕವರ್ ಮಾಡಿಸಿದ್ರೆ ಹದಿನೈದು ಲಕ್ಷ ಕೇಳಬಹುದು.

ರಸ್ತೆ ಗುಂಡಿಯಿಂದ ಆಗಿದ್ದು, ಫೋನಿಂದಲ್ಲ ಅಂತ ಹೇಳಿದ್ರೆ?

ಬೆಂಗಳೂರಲ್ಲಿ ಇದು ಸುಳ್ಳು ಅಂತ ತಳ್ಳಿಹಾಕೋಕಾಗಲ್ಲ, ಅದೇ ಕಷ್ಟ. ಸಾವಿಗೆ ನೇರ ಕಾರಣ ಆರೋಪಿಯ ನಿರ್ಲಕ್ಷ್ಯವೇ ಆಗಿರ್ಬೇಕು, ಎಲ್ಲೋ ದೂರದಿಂದ ಒಂದು ಕಾರಣ ಅಂದ್ರೆ ಸಾಲ್ದು ಅನ್ನೋದು ಸುಪ್ರೀಂ ಕೋರ್ಟ್ ಹಳೇ ಕಾಲದಿಂದ ಹೇಳ್ಕೊಂಡು ಬಂದಿರೋ ಮಾತು. ಆದ್ರೆ ಅದೇ ಗುಂಡಿನ ಹಿಂದೆಮುಂದೆ ನೂರು ಗಾಡಿ ನೋಡ್ಕೊಂಡು ತಪ್ಪಿಸಿ ಹೋಗಿದ್ದು ಸಿಸಿಟಿವಿಲಿ ಕಂಡ್ರೆ, ಈ ಒಬ್ಬನಿಗೆ ಮಾತ್ರ ಕಾಣದೇ ಇದ್ದಿದ್ದು ಯಾಕೆ ಅನ್ನೋ ಪ್ರಶ್ನೆ ಬರತ್ತೆ. ಅದಕ್ಕೇ ಸ್ಥಳದ ಸ್ಕೆಚ್‌ನಲ್ಲಿ ಗುಂಡಿ, ಬ್ರೇಕ್ ಗುರುತು, ಬೀದಿದೀಪ ಎಲ್ಲ ಸರಿಯಾಗಿ ಬರ್ದಿದಾರಾ ನೋಡ್ಕೊಳ್ಳಿ, ಬ್ರೇಕ್ ಗುರುತೇ ಇಲ್ಲ ಅಂದ್ರೆ ಮುಂದೆ ಏನಿದೆ ಅಂತಾನೇ ನೋಡ್ಲಿಲ್ಲ ಅಂತ ವಾದ ಮಾಡೋಕೆ ಅದೊಂದು ಎಳೆ. ರಸ್ತೆ ಸರಿಯಾಗಿ ಇಟ್ಕೊಳ್ದೆ ಇರೋ ಸಂಸ್ಥೆ, ಕಂಟ್ರಾಕ್ಟರ್ ಮೇಲೆ ಮೋಟಾರು ವಾಹನ ಕಾಯ್ದೆ 198ಎ ಇದೆ, ಒಂದು ಲಕ್ಷದವರೆಗೆ ದಂಡ. ಒಂದು ಜೀವಕ್ಕೆ ಒಂದು ಲಕ್ಷ, ಅದೂ "ವರೆಗೆ".

ದುಡ್ಡು ಕೊಟ್ಟು ರಾಜಿ ಮಾಡ್ಕೊಂಡ್ರೆ ಕೇಸ್ ಮುಗಿಯತ್ತಾ?

106 ರಾಜಿ ಆಗೋ ಅಪರಾಧಗಳ ಪಟ್ಟೀಲಿಲ್ಲ. ಮಾತುಕತೆ ಆಯ್ತು, ಪೇಪರ್ ಮೇಲೆ ಸೈನ್ ಹಾಕಿಸ್ಕೊಂಡ್ವಿ ಅಂದ್ರೂ ಮ್ಯಾಜಿಸ್ಟ್ರೇಟ್ ಮುಂದೆ ಅದಕ್ಕೆ ಬೆಲೆ ಇಲ್ಲ. ನಿಜವಾಗಿ ಆಗೋದು ಬೇರೆ, ಸಾಕ್ಷಿಗಳು ಬಂದು "ನಾನು ನೋಡಿಲ್ಲ ಸ್ವಾಮಿ" ಅಂತಾರೆ, ಕೇಸ್ ಖುಲಾಸೆ. ಶಿಕ್ಷೆ ಆದ್ರೂ ಪ್ರೊಬೇಷನ್ ಮೇಲೆ, ಅಂದ್ರೆ ಜೈಲಿಗೆ ಕಳಿಸ್ದೆ ಒಳ್ಳೇ ನಡತೆ ಮೇಲೆ, ಬಿಟ್ಬಿಡಿ ಅಂತ ಕೇಳೋದು ಮಾಮೂಲು. ಸಾವಿನ ಕೇಸಲ್ಲಿ ಡ್ರೈವರ್‌ಗಳಿಗೆ ಆ ಉದಾರತೆ ತೋರಿಸ್ಬಾರ್ದು ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಗಟ್ಟಿಯಾಗಿ ಹೇಳಿದೆ.

ಸತ್ತವರ ಕಡೆಯವ್ರು ನಾವು. ಮೊದಲು ಏನ್ ಮಾಡ್ಬೇಕು?

ಎಫ್‌ಐಆರ್ ಕಾಪಿ ಫ್ರೀಯಾಗಿ ಕೇಳಿ ತಗೊಳ್ಳಿ, ಬೆಂಗಳೂರಲ್ಲಿ ಅಪಘಾತದ ಕೇಸ್ ಆ ಏರಿಯಾ ಟ್ರಾಫಿಕ್ ಪೊಲೀಸ್ ಸ್ಟೇಷನ್ನಲ್ಲಿರತ್ತೆ, ಲಾ ಅಂಡ್ ಆರ್ಡರ್ ಸ್ಟೇಷನ್ನಿಗೆ ಹೋಗಿ ಅಲೆಯೋದು ಬೇಡ. ಆ ದಿನಾನೇ ಒಂದು ಅರ್ಜಿ ಕೊಡಿ: ಇಂಥಿಂಥ ಕ್ಯಾಮೆರಾ ಫೂಟೇಜ್ ತಗೊಳ್ಳಿ, ಆರೋಪಿ ಫೋನ್ ಜಪ್ತಿ ಮಾಡಿ, ಸಿಡಿಆರ್ ತರಿಸಿ ಅಂತ. ಮೇಲೆ ಸೀಲು ಹಾಕಿಸ್ಕೊಂಡು ಒಂದು ಪ್ರತಿ ನಿಮ್ಮ ಹತ್ರ ಇಟ್ಕೊಳ್ಳಿ. ತೊಂಬತ್ತು ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸ್ರೇ ನಿಮಗೆ ತಿಳಿಸ್ಬೇಕು, ಬಿಎನ್‌ಎಸ್‌ಎಸ್ 193ರಲ್ಲಿದೆ. ಚಾರ್ಜ್‌ಶೀಟಲ್ಲಿ ಫೋನ್ ಸುದ್ದೀನೇ ಇಲ್ಲ ಅಂದ್ರೆ ಮುಂದಿನ ತನಿಖೆ ಕೇಳಬಹುದು, ಸರ್ಕಾರಿ ವಕೀಲರ ಜೊತೆ ನಿಮ್ಮ ವಕೀಲರೂ ಸಹಾಯಕ್ಕೆ ನಿಲ್ಲೋಕೆ ಕೋರ್ಟ್ ಅನುಮತಿ ಕೊಡಬಹುದು.

ಪರಿಹಾರದ ಕೇಸು, ಎಂವಿಸಿ ಅಂತಾರೆ, ಬೇರೇನೇ. ಲಘು ವ್ಯವಹಾರಗಳ ನ್ಯಾಯಾಲಯದಲ್ಲಿರೋ ಟ್ರಿಬ್ಯೂನಲ್‌ನಲ್ಲಿ ನಡಿಯತ್ತೆ. 2022 ಏಪ್ರಿಲ್ 1ರಿಂದ ಆರು ತಿಂಗಳೊಳಗೆ ಹಾಕ್ಬೇಕು ಅಂತ ನಿಯಮ ಬಂದಿದೆ, ಕ್ರಿಮಿನಲ್ ಕೇಸ್ ಮುಗೀಲಿ ಆಮೇಲೆ ನೋಡೋಣ ಅಂತ ಕೂರ್ಬೇಡಿ. ಅಲ್ಲಿ ಸಾಕ್ಷ್ಯದ ಮಟ್ಟ ಕಮ್ಮಿ, ಕ್ರಿಮಿನಲ್ ಕೋರ್ಟಲ್ಲಿ ಆರೋಪಿ ಖುಲಾಸೆ ಆದ್ರೂ ಪರಿಹಾರ ಸಿಗಬಹುದು.

ಕೇಸ್ ಇದ್ರೆ ಲೈಸೆನ್ಸ್, ಪಾಸ್‌ಪೋರ್ಟ್ ಕಥೆ ಏನು?

184ರಲ್ಲಿ ಪೊಲೀಸ್ರು ಲೈಸೆನ್ಸ್ ತಗೊಂಡು ಅಮಾನತಿಗೆ ಆರ್‌ಟಿಓಗೆ ಕಳಿಸಬಹುದು, 206(4). ಪಾಸ್‌ಪೋರ್ಟ್ ಅರ್ಜೀಲಿ ಕೋರ್ಟಲ್ಲಿ ಬಾಕಿ ಇರೋ ಕ್ರಿಮಿನಲ್ ಕೇಸ್ ಹೇಳ್ಲೇಬೇಕು, ವಿದೇಶಕ್ಕೆ ಹೋಗೋಕೆ ಕೇಸ್ ನಡೀತಿರೋ ಕೋರ್ಟಿಂದ ಅನುಮತಿ ತರ್ಬೇಕಾಗತ್ತೆ. ಆನ್‌ಸೈಟ್ ಆಫರ್ ಬಂದ ವಾರ ಇದನ್ನ ಕಂಡುಹಿಡಿದು ಓಡೋರು ಐಟಿ ಕಡೆ ಇದ್ದೇ ಇರ್ತಾರೆ, ಅರ್ಜಿ ಹಾಕಿ ಸರ್ಕಾರಿ ವಕೀಲರ ತಕರಾರು ಕೇಳಿ ಆರ್ಡರ್ ಆಗೋಕೆ ಟೈಮ್ ಬೇಕು, ಹಾಗಾಗಿ ಟಿಕೆಟ್ ಬುಕ್ ಮಾಡೋಕೆ ಮುಂಚೆ ವಕೀಲರಿಗೆ ಹೇಳಿ.